ಮುಟ್ಟಿನ ನೋವಿನ ಮೇಲೆ ಪಿಎಚ್‌ಡಿ: ಹುಬ್ಬಳ್ಳಿ-ಧಾರವಾಡದಲ್ಲೇ ಮಾಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಗದಗಿನ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಹೈಸ್ಕೂಲಿನಿಂದಲೂ ನನಗೆ ಮುಟ್ಟಿನ ಹೊಟ್ಟೆನೋವು ಜೋರು. ಅಕ್ಕನಿಗೆ ಒಂದು ಮಾತ್ರೆ ಸಾಕು, ನನಗೆ ಅದೇ ಮಾತ್ರೆ ನಾಟುವುದಿಲ್ಲ. ಯಾಕೆ ಹೀಗೆ ಅಂತ ಓದುತ್ತಾ ಹೋದಾಗ ಪ್ರಿಸಿಷನ್ ಮೆಡಿಸಿನ್, ಅಂದರೆ ಒಬ್ಬೊಬ್ಬರ ದೇಹಕ್ಕೆ ತಕ್ಕ ಔಷಧ ಆರಿಸುವ ವಿಧಾನದ ಬಗ್ಗೆ ಗೊತ್ತಾಯಿತು. ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದೆ. ನಾನು ಡಾಕ್ಟರ್ ಅಲ್ಲ, ಆದರೂ ಆಗುತ್ತಾ? ನಮ್ಮ ಕಡೆ ಅವಕಾಶ ಇದೆಯಾ, ವಿದೇಶಕ್ಕೇ ಹೋಗಬೇಕಾ? ಖರ್ಚಿಗೆ ಏನು ದಾರಿ? ಮನೆಯಲ್ಲಿ ಮದುವೆ ಮಾತು ನಡೆದಿದೆ. "ಇನ್ನೂ ಐದಾರು ವರ್ಷ ಓದ್ತೀನಿ ಅಂದ್ರ ಹೆಂಗವಾ?" ಅಂತ ಅವ್ವ ಕೇಳುತ್ತಾಳೆ.

ಉತ್ತರ: ತಂಗಿ, ಡಾಕ್ಟರ್ ಆಗಿರಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ಬಿಡದೆಯೂ ಒಳ್ಳೆ ಕೆಲಸ ಮಾಡಬಹುದು. ಆದರೆ ಮುಟ್ಟಿನ ನೋವಿನ ಪ್ರಿಸಿಷನ್ ಮೆಡಿಸಿನ್ ಅಂತ ಬೋರ್ಡ್ ಹಾಕಿಕೊಂಡ ವಿಭಾಗ ಹುಡುಕುತ್ತಾ ಹೊರಡಬೇಡಿ. ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ, ಬಯೋಟೆಕ್ನಾಲಜಿ, ಹೀಗೆ ಯಾವುದೋ ಒಂದು ವಿಭಾಗದಲ್ಲಿ ಹೆಸರು ನೋಂದಾಯಿಸಿ, ವಿಷಯವನ್ನು ನೀವೇ ಕಟ್ಟಿಕೊಳ್ಳಬೇಕು. ಹಾಗಾಗಿ ಯಾವ ಕಾಲೇಜು ಅನ್ನುವುದಕ್ಕಿಂತ ಮೊದಲು ಯಾವ ಪ್ರಶ್ನೆ ಅನ್ನುವುದು ತೀರ್ಮಾನ ಆಗಬೇಕು. ನಾನು ಫಾರ್ಮಕಾಲಜಿ ಕಲಿಸುವವಳು, ಆದ್ದರಿಂದ ಮಾತ್ರೆಯ ಕಡೆಯಿಂದಲೇ ಶುರು ಮಾಡುತ್ತೇನೆ.

ಮುಟ್ಟು ಹತ್ತಿರ ಬಂದಾಗ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ಜಾಸ್ತಿ ತಯಾರಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡಿಸುತ್ತದೆ. ಹಿಂಡಿದಾಗ ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ನೋವು ಏಳುತ್ತದೆ. ಮೊದಲ 48 ಗಂಟೆ ಇದರ ಅಬ್ಬರ ಹೆಚ್ಚು. ಕೆಲವರಿಗೆ ವಾಂತಿ, ಭೇದಿ, ಟೊಂಕದಲ್ಲಿ ಜಗ್ಗಿದಂಥ ನೋವು ಬರುವುದರ ಹಿಂದೆಯೂ ಇದೇ ಇದೆ. ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್, ನೆಪ್ರಾಕ್ಸೆನ್ ಎಲ್ಲವೂ ಪ್ರೊಸ್ಟಾಗ್ಲ್ಯಾಂಡಿನ್ ತಯಾರಿಸುವ ಕಾಕ್ಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಗಮನಿಸಿ, ತಡೆಯುವುದು ತಯಾರಿಯನ್ನು. ಆಗಲೇ ತಯಾರಾಗಿ ಹರಡಿದ್ದನ್ನು ಅವು ವಾಪಸ್ ತೆಗೆಯುವುದಿಲ್ಲ. ತಡವಾಗಿ ಮಾತ್ರೆ ನುಂಗುವುದು ರೊಟ್ಟಿ ಸೀದ ಮೇಲೆ ಒಲೆ ಆರಿಸಿದ ಹಾಗೆ.

ಈ ಮಾತ್ರೆಗಳು ಕೆಲಸ ಮಾಡುತ್ತವೆ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಎಲ್ಲರಿಗೂ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಲೇಖನದ ಪ್ರಕಾರ ಸುಮಾರು 18% ಮಹಿಳೆಯರಿಗೆ ಇವುಗಳಿಂದ ನೋವು ಅಷ್ಟಾಗಿ ಇಳಿಯುವುದಿಲ್ಲ. ಯಾರು ಈ 18%? ಯಾಕೆ ಅವರಿಗೇ ಹೀಗೆ? ಮೊದಲೇ ಗುರುತಿಸಲು ಆಗುತ್ತಾ? ನಿಮ್ಮ ಕ್ಷೇತ್ರದ ಹೊಟ್ಟೆಯಲ್ಲಿರುವ ಪ್ರಶ್ನೆ ಇದು.

ಇಲ್ಲಿ ಬಹಳ ಜನ ಒಂದು ಅವಸರ ಮಾಡುತ್ತಾರೆ. ಮಾತ್ರೆ ನಾಟಲಿಲ್ಲ ಅಂದವರ ರಕ್ತ ತೆಗೆದು ನೇರ ಡಿಎನ್ಎ ಯಂತ್ರಕ್ಕೆ ಹಾಕುತ್ತಾರೆ. ಮೊದಲು ಅವರು ಮಾತ್ರೆ ಹೇಗೆ ತಗೊಂಡರು ಅಂತ ಕೇಳಬೇಕು. ನಮ್ಮ ಭಾಗದ ಹಾಸ್ಟೆಲ್ ಹುಡುಗಿಯೊಬ್ಬಳ ನೋವಿನ ಡೈರಿ ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಿಗ್ಗೆ 6ಕ್ಕೆ ಮುಟ್ಟು ಶುರು. ಅಜವಾನ ಅಗಿದು ಬಿಸಿನೀರು ಕುಡಿದಳು. 8ಕ್ಕೆ ನೋವು ಹತ್ತರಲ್ಲಿ 5. ಮಾತ್ರೆ ಉಷ್ಣ, ಸುಮ್ನೆ ಯಾಕೆ ಅಂತ ತಡೆದುಕೊಂಡಳು. 10ಕ್ಕೆ ನೋವು 8, ಕ್ಲಾಸಿನಿಂದ ಎದ್ದು ಬಂದಳು. ರೂಮ್‌ಮೇಟ್ ಹತ್ತಿರ ಇದ್ದ ಸ್ಟ್ರಿಪ್‌ನಿಂದ ಅರ್ಧ ಮಾತ್ರೆ. 11ಕ್ಕೆ ವಾಂತಿ. ಮಧ್ಯಾಹ್ನ ಉಳಿದರ್ಧ. ಸಂಜೆ ಹೊತ್ತಿಗೆ ನೋವು ತಾನೇ ಇಳಿಯಿತು. ಷರಾ ಕಾಲಂನಲ್ಲಿ: "ಮಾತ್ರೆ ಕೆಲಸ ಮಾಡಲಿಲ್ಲ."

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಎಲ್ಲರ ಬ್ಯಾಗಿನಲ್ಲೂ ಇರುವ ಮೆಫ್ತಾಲ್ ಸ್ಪಾಸ್ ಮಾತ್ರೆಯಲ್ಲಿ ಮೆಫೆನಮಿಕ್ ಆಸಿಡ್ 250 ಮಿಲಿಗ್ರಾಂ, ಸ್ನಾಯು ಸೆಳೆತ ಇಳಿಸುವ ಡೈಸೈಕ್ಲೊಮೈನ್ 10 ಮಿಲಿಗ್ರಾಂ ಇರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಲೇಬಲ್‌ನಲ್ಲಿ ಮುಟ್ಟಿನ ನೋವಿಗೆ ಮೆಫೆನಮಿಕ್ ಆಸಿಡ್‌ನ ಮೊದಲ ಡೋಸ್ 500, ಆಮೇಲೆ ಆರು ಗಂಟೆಗೊಮ್ಮೆ 250. ಈ ಹುಡುಗಿಗೆ ಮೊದಲು ಸಿಕ್ಕಿದ್ದು 125, ಅದೂ ನಾಲ್ಕು ಗಂಟೆ ತಡವಾಗಿ, ಅದರಲ್ಲೂ ವಾಂತಿಯಲ್ಲಿ ಎಷ್ಟು ಹೋಯಿತೋ. ಇವಳನ್ನು ಔಷಧ ನಾಟದವರ ಗುಂಪಿಗೆ ಸೇರಿಸಿ ಜೀನ್ ಹುಡುಕಿದರೆ ಏನು ಸಿಗುತ್ತದೆ ಹೇಳಿ? (ಇದನ್ನು ಓದಿ ಯಾರೂ ತಾವೇ ಡೋಸ್ ಏರಿಸಬೇಡಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಅಸ್ತಮಾ ಇದ್ದವರಿಗೆ ಈ ಮಾತ್ರೆಗಳು ಅಪಾಯ. 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಕೂಡ ಮೆಫೆನಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕೆ ಡ್ರೆಸ್ ಎಂಬ ಗಂಭೀರ ಅಲರ್ಜಿ ಬರಬಹುದು. ಜ್ವರ, ಮೈತುಂಬ ಗಂದೆ ಎದ್ದರೆ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು.)

ಹಾಗಾಗಿ ನಿಮ್ಮ ಪಿಎಚ್‌ಡಿಯ ಮೊದಲ ಭಾಗ ನಿಜವಾಗಿ ಔಷಧ ನಾಟದವರನ್ನು ಬೇರೆ ಮಾಡುವುದು. ಕೇಳಲು ಸಪ್ಪೆ ಅನಿಸಬಹುದು. ಆದರೆ ಜೀನ್ ಯಂತ್ರ ದುಡ್ಡು ಕೊಟ್ಟರೆ ಎಲ್ಲಿ ಬೇಕಾದರೂ ಸಿಗುತ್ತದೆ, ಹೀಗೆ ಸೋಸಿದ ರೋಗಿಗಳ ಗುಂಪು ಎಲ್ಲೂ ಸಿಗುವುದಿಲ್ಲ. ಈ ಕೆಲಸಕ್ಕೆ ನಮ್ಮ ಊರುಗಳಲ್ಲಿ ಕೂತವರಿಗೇ ಅನುಕೂಲ ಜಾಸ್ತಿ.

ಸೋಸುವುದು ಹೇಗೆ? ಮುಟ್ಟಿನ ನೋವಿಗೆ ಒಂದು ವಿಶೇಷ ಗುಣ ಇದೆ. ಅದು ತಿಂಗಳು ತಿಂಗಳು ಮರಳಿ ಬರುತ್ತದೆ. ಸಂಶೋಧಕರಿಗೆ ಇಂಥ ಕಾಯಿಲೆ ಸಿಗುವುದು ಅಪರೂಪ. ಒಬ್ಬಳೇ ಮಹಿಳೆಗೆ ಒಂದು ತಿಂಗಳು ಒಂದು ಔಷಧ, ಇನ್ನೊಂದು ತಿಂಗಳು ಇನ್ನೊಂದು ಕೊಟ್ಟು, ಅವಳನ್ನು ಅವಳ ಜೊತೆಗೇ ಹೋಲಿಸಬಹುದು. ಇದಕ್ಕೆ ಎನ್-ಆಫ್-1 ಟ್ರಯಲ್ ಅನ್ನುತ್ತಾರೆ. ಉದಾಹರಣೆಗೆ ಮೆಫೆನಮಿಕ್ ಆಸಿಡ್ ಮತ್ತು ನೆಪ್ರಾಕ್ಸೆನ್ ಇಟ್ಟುಕೊಳ್ಳಿ. ಆರು ತಿಂಗಳಲ್ಲಿ ಮೂರು ಸಲ ಅದು, ಮೂರು ಸಲ ಇದು. ಯಾವ ತಿಂಗಳು ಯಾವುದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನ ಆಗಬೇಕು. ಎರಡೂ ಒಂದೇ ಥರ ಕಾಣುವ ಕ್ಯಾಪ್ಸೂಲ್‌ನಲ್ಲಿ ಇರಬೇಕು, ಕೋಡ್ ಮೂರನೆಯವರ ಕೈಯಲ್ಲಿ ಇರಬೇಕು. ನೋವು ತಡೆಯಲಾರದೆ ಹೋದರೆ ತಗೊಳ್ಳಲು ಬೇರೆ ಮಾತ್ರೆ ಕೈಯಲ್ಲಿರಬೇಕು, ಅದನ್ನು ಎಷ್ಟು ಸಲ ತಗೊಂಡರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮೂರು ಮೂರು ಸಲ ಯಾಕೆ ಅಂತ ನಿಮ್ಮ ಪರೀಕ್ಷಕರು ಕೇಳೇ ಕೇಳುತ್ತಾರೆ. ನೋವು ಒಬ್ಬಳಲ್ಲೇ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ನಿದ್ದೆ ಕೆಟ್ಟ ತಿಂಗಳು, ಪರೀಕ್ಷೆ ತಿಂಗಳು, ರಕ್ತಸ್ರಾವ ಜಾಸ್ತಿಯಾದ ತಿಂಗಳು ಬೇರೆ ಬೇರೆ ಥರ ಇರುತ್ತದೆ. ಒಂದು ಸಲ ಕೊಟ್ಟು ನೋಡಿ, ಇವಳಿಗೆ ನಾಟಿತು, ಅವಳಿಗೆ ನಾಟಲಿಲ್ಲ ಅಂದರೆ ಅದು ತಿಂಗಳ ಏರಿಳಿತವೋ ದೇಹದ ವ್ಯತ್ಯಾಸವೋ ಗೊತ್ತಾಗುವುದಿಲ್ಲ. ಅದೇ ಮಹಿಳೆಗೆ ಅದೇ ಔಷಧ ಮತ್ತೆ ಮತ್ತೆ ಕೊಟ್ಟಾಗ ಮತ್ತೆ ಮತ್ತೆ ಸೋತರೆ ಮಾತ್ರ ಅವಳ ದೇಹದಲ್ಲಿ ಏನೋ ಬೇರೆ ಇದೆ ಅನ್ನಬಹುದು. ವೈಯಕ್ತಿಕ ಚಿಕಿತ್ಸೆ ಅಂತ ಹೆಸರಿಟ್ಟುಕೊಂಡ ಎಷ್ಟೋ ಪ್ರಬಂಧಗಳು ಇಷ್ಟನ್ನು ನೋಡದೆ ಮುಂದೆ ಹೋಗಿವೆ ಅನ್ನುವುದು ನನ್ನ ಅಭಿಪ್ರಾಯ. ಲೆಕ್ಕದ ಭಾಗಕ್ಕೆ ಸ್ಟಾಟಿಸ್ಟಿಕ್ಸ್‌ನವರ ಜೊತೆ ಮೊದಲ ದಿನವೇ ಕೂತುಕೊಳ್ಳಿ. ಡೇಟಾ ಎಲ್ಲ ಕೂಡಿಸಿದ ಮೇಲೆ ಹೋದರೆ ಅವರೂ ಏನೂ ಮಾಡಲಾರರು.

ಡೈರಿ ಕಾಗದದ್ದೇ ಇರಲಿ. ಆ್ಯಪ್ ಮಾಡಿದರೆ ಚೆಂದ ಕಾಣುತ್ತದೆ, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅದೂ ಅಣ್ಣನ ಕೈಯಲ್ಲಿ. ನೋವಿನ ಪ್ರಶ್ನೆಗಳನ್ನು ನಮ್ಮ ಕಡೆಯ ಮಾತಿನಲ್ಲೇ ಕೇಳಿ, ಚಿಕ್ಕ ಗುಂಪಿನಲ್ಲಿ ಪರೀಕ್ಷಿಸಿ ಆಮೇಲೆ ಬಳಸಿ. ಮತ್ತೊಂದು ಮಾತು: ಕಾಲೇಜು ಹುಡುಗಿಯರು ಸುಲಭವಾಗಿ ಸಿಗುತ್ತಾರೆ ಅಂತ ಅವರಷ್ಟೇ ಬೇಡ. ಬ್ಯಾಡಗಿಯಲ್ಲಿ ದಿನಗೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ನೋವಿಟ್ಟುಕೊಂಡೇ ನೆಲದ ಮೇಲೆ ಕೂತು ಕೆಲಸ ಮಾಡುತ್ತಾರೆ. ಕೂಲಿ ಹೋಗುತ್ತದೆ ಅಂತ ಏಳುವುದಿಲ್ಲ. 2025ರಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೆಯದೇ. ದಿನಗೂಲಿಯವರಿಗೆ ಆ ರಜೆ ಎಲ್ಲಿಂದ ಬರಬೇಕು? ಅವರಿಗೆ ಬೇಕಾದದ್ದು ನಾಟುವ ಔಷಧ.

ಈಗ ಜೀನ್ ಕಡೆ ಬರೋಣ, ನಿಮಗೆ ಆಸೆ ಇರುವುದೇ ಅಲ್ಲಿ ಅಲ್ವಾ.

ನಿಮ್ಮ ಬಯೋಕೆಮಿಸ್ಟ್ರಿ ಓದಿಗೆ ಸರಿಯಾಗಿ ಹೊಂದುವ ಒಂದು ಜಾಗ ಇದೆ. ಮೆಫೆನಮಿಕ್ ಆಸಿಡನ್ನು ಲಿವರ್‌ನಲ್ಲಿ ಒಡೆಯುವ ಮುಖ್ಯ ಕಿಣ್ವ ಸಿವೈಪಿ2ಸಿ9. ಇದರ ಜೀನ್‌ನಲ್ಲಿ ಸ್ಟಾರ್ 2, ಸ್ಟಾರ್ 3 ಎಂಬ ಬದಲಾದ ರೂಪಗಳಿವೆ. ಇವು ಇದ್ದವರಲ್ಲಿ ಕಿಣ್ವ ನಿಧಾನ. ದಕ್ಷಿಣ ಭಾರತದ ಜನರಲ್ಲಿ ನಡೆದ ಅಧ್ಯಯನಗಳಲ್ಲಿ ಸ್ಟಾರ್ 2ಕ್ಕಿಂತ ಸ್ಟಾರ್ 3 ಜಾಸ್ತಿ ಕಂಡಿದೆ, ಯುರೋಪಿನವರಲ್ಲಿ ಇದು ಉಲ್ಟಾ. ಜೀನ್‌ಗೆ ತಕ್ಕ ಔಷಧದ ಸಲಹೆ ಕೊಡುವ ಸಿಪಿಐಸಿ ಎಂಬ ತಜ್ಞರ ಕೂಟದ 2020ರ ಮಾರ್ಗಸೂಚಿ ಈ ಜೀನ್ ನೋಡಿ ಐಬುಪ್ರೊಫೆನ್, ಸೆಲಿಕಾಕ್ಸಿಬ್, ಮೆಲಾಕ್ಸಿಕ್ಯಾಮ್ ಮೊದಲಾದವುಗಳ ಡೋಸ್ ಹೇಗೆ ಬದಲಿಸಬೇಕು ಅಂತ ಹೇಳುತ್ತದೆ. ನಾವು ಕೈಚೀಲದಲ್ಲಿ ಇಟ್ಟುಕೊಂಡು ತಿರುಗುವ ಮೆಫೆನಮಿಕ್ ಆಸಿಡ್‌ಗೆ ಅದರಲ್ಲಿ ಡೋಸ್ ಸಲಹೆ ಇಲ್ಲ. ಆ ಖಾಲಿ ಜಾಗದಲ್ಲಿ ಒಂದು ಪಿಎಚ್‌ಡಿ ಆರಾಮವಾಗಿ ಹಿಡಿಸುತ್ತದೆ. ಮಾತ್ರೆ ಕೊಟ್ಟು ಗಂಟೆಗಂಟೆಗೆ ರಕ್ತ ತೆಗೆದು, ಎಚ್‌ಪಿಎಲ್‌ಸಿ ಯಂತ್ರದಲ್ಲಿ ಔಷಧದ ಮಟ್ಟ ಅಳೆದು, ಪಿಸಿಆರ್‌ನಲ್ಲಿ ಜೀನ್ ರೂಪ ನೋಡಿ, ಎರಡನ್ನೂ ನೋವಿನ ಡೈರಿಗೆ ಜೋಡಿಸುವುದು. ಲ್ಯಾಬಿನಲ್ಲಿ ದಿನಾ ರಕ್ತ ಹಿಡಿದು ಕೂತ ನಿಮಗೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಆದರೆ ಒಂದು ಕೊಕ್ಕೆ ಇದೆ. ಕಿಣ್ವ ನಿಧಾನ ಇದ್ದವರ ರಕ್ತದಲ್ಲಿ ಔಷಧ ಹೆಚ್ಚು ಹೊತ್ತು ಉಳಿಯುತ್ತದೆ. ಅಂದರೆ ಅವರಿಗೆ ಅಡ್ಡಪರಿಣಾಮ ಹೆಚ್ಚಾಗಬೇಕು, ನೋವು ಇಳಿಯುವುದು ಕಡಿಮೆ ಆಗಬಾರದು. ಹಾಗಾಗಿ ನಾಟದಿರುವುದಕ್ಕೆ ಈ ಜೀನ್ ಒಂದೇ ಕಾರಣ ಅಂತ ಸಿನಾಪ್ಸಿಸ್‌ನಲ್ಲಿ (ಪಿಎಚ್‌ಡಿ ಯೋಜನೆಯ ಸಾರಾಂಶದಲ್ಲಿ) ಬರೆದರೆ ಇಂಟರ್‌ವ್ಯೂನಲ್ಲೇ ಸಿಕ್ಕಿಬೀಳುತ್ತೀರಿ. ಯಾರಿಗೆ ಯಾವ ಡೋಸ್ ಸುರಕ್ಷಿತ ಅನ್ನುವುದಕ್ಕೆ ಈ ಜೀನ್ ಉತ್ತರ ಕೊಡಬಹುದು. ಯಾಕೆ ನಾಟುವುದಿಲ್ಲ ಅನ್ನುವುದಕ್ಕೆ ನರಗಳ ಕಡೆ, ಗರ್ಭಕೋಶದ ಕಡೆ ನೋಡಬೇಕು.

ನರಗಳ ಕಡೆ ಒಂದು ಸುಳಿವು ಆಗಲೇ ಸಿಕ್ಕಿದೆ. ಮುಟ್ಟಿನ ನೋವಿನ ಮೇಲೆ ಇಡೀ ಜೀನೋಮ್ ಜಾಲಾಡಿದ ಅಧ್ಯಯನಗಳು 2016ರಲ್ಲಿ ಯುರೋಪಿಯನ್ ಮೂಲದವರಲ್ಲಿ, 2017ರಲ್ಲಿ ಚೀನಾದವರಲ್ಲಿ ಬಂದವು. ಎರಡರಲ್ಲೂ ಎನ್‌ಜಿಎಫ್, ಅಂದರೆ ನರಗಳನ್ನು ಬೆಳೆಸುವ ಪ್ರೊಟೀನ್‌ನ ಜೀನ್ ಹತ್ತಿರವೇ ಗುರುತು ಸಿಕ್ಕಿತು. ಅಷ್ಟು ದೂರದ ಎರಡು ಜನಾಂಗಗಳಲ್ಲಿ ಒಂದೇ ಜಾಗ ಸಿಗುವುದು ಸಣ್ಣ ಮಾತಲ್ಲ. ಹಾಗಂತ ಅದಕ್ಕೊಂದು ಔಷಧ ಮಾಡಿದರೆ ಆಯಿತು ಅಂದುಕೊಳ್ಳಬೇಡಿ. ಎನ್‌ಜಿಎಫ್ ತಡೆಯುವ ಟನೆಜುಮ್ಯಾಬ್ ಎಂಬ ಇಂಜೆಕ್ಷನ್ ಮೊಣಕಾಲು ನೋವಿಗೆ ಅಂತ ಬಹಳ ದೂರ ಹೋಗಿತ್ತು. ಕೆಲವರ ಕೀಲುಗಳೇ ವೇಗವಾಗಿ ಹಾಳಾದವು. 2021ರಲ್ಲಿ ಎಫ್‌ಡಿಎ ಸಲಹಾ ಸಮಿತಿ ಬೇಡ ಅಂದಿತು, ಕಂಪನಿ ಅದನ್ನು ಕೈಬಿಟ್ಟಿತು.

ಇಡೀ ಜೀನೋಮ್ ಅಧ್ಯಯನಕ್ಕೆ ಸಾವಿರಾರು ಜನ ಬೇಕು. ಒಬ್ಬ ವಿದ್ಯಾರ್ಥಿನಿಯ ಕೈಲಿ ಆಗುವ ಕೆಲಸ ಅಲ್ಲ, ಪ್ರಯತ್ನವೂ ಬೇಡ. ಆದರೆ ಸಿಕ್ಕ ಗುರುತುಗಳು ನಮ್ಮವರಲ್ಲಿ ಎಷ್ಟು ಜನರಲ್ಲಿವೆ ಅಂತ ನೋಡಬಹುದು. ಜೀನೋಮ್ ಇಂಡಿಯಾ ಯೋಜನೆಯಲ್ಲಿ ಓದಿದ ಸುಮಾರು 10,000 ಭಾರತೀಯರ ಜೀನೋಮ್ ಮಾಹಿತಿ 2025ರ ಜನವರಿಯಿಂದ ಫರೀದಾಬಾದ್‌ನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ಸಿಗುವಂತಾಗಿದೆ. ಅರ್ಜಿ ಹಾಕಿ ಪಡೆಯಬೇಕು, ನಿಮ್ಮ ಗೈಡ್ ಮೂಲಕ.

ನಮ್ಮ ಕಡೆ ರಕ್ತ ತೆಗೆಯುವಾಗ ಒಂದು ವಿಷಯ ಮರೆಯಬೇಡಿ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ರೂಢಿ ಇಲ್ಲಿ ಇನ್ನೂ ಇದೆ. ನೀವು ನೂರು ಜನರ ಮಾದರಿ ತಂದರೆ ಅದರಲ್ಲಿ ಎಷ್ಟೋ ಜನ ಒಬ್ಬರಿಗೊಬ್ಬರು ಸಂಬಂಧಿಕರಾಗಿರುತ್ತಾರೆ. ಸಾಮಾನ್ಯ ಲೆಕ್ಕ ಹಾಕಿದರೆ ಸಂಬಂಧವೇ ಇಲ್ಲದ ಜೀನ್ ಕೂಡ ನೋವಿನ ಜೀನ್ ಥರ ಕಾಣುತ್ತದೆ. ಇದನ್ನು ಸರಿಪಡಿಸುವ ವಿಧಾನಗಳಿವೆ, ಕಲಿಯಿರಿ. ಡಿಎನ್ಎಯಲ್ಲಿ ಯಾರು ಯಾರ ಮಗು ಅನ್ನುವುದೂ ಬಯಲಾಗಬಹುದು. ಅಂಥ ಮಾಹಿತಿ ಯಾರಿಗೂ ಹೇಳುವುದಿಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿರಿ. ಊರಲ್ಲಿ ಬದುಕಬೇಕಾದವರು ಅವರು.

ಇನ್ನು ಗರ್ಭಕೋಶದ ಕಡೆ. ಡೋಸ್ ಸರಿ ಇದೆ, ಹೊತ್ತಿಗೆ ತಗೊಂಡಿದ್ದಾಳೆ, ಆದರೂ ನೋವು ಇಳಿಯುತ್ತಿಲ್ಲ ಅಂದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವುದು) ಅಥವಾ ಅಡೆನೊಮಯೋಸಿಸ್ (ಅದೇ ಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವುದು) ಇರಬಹುದು. ನಿಮಗೂ ಇದೇ ಮಾತು ಹೇಳುತ್ತೇನೆ: ಪಿಎಚ್‌ಡಿ ಅರ್ಜಿಗಿಂತ ಮೊದಲು ಒಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟಿಗೆ ಎರಡು ಮೂರು ದಿನ ಮೊದಲೇ ನೋವು ಶುರುವಾಗುವುದು, ಆ ದಿನಗಳಲ್ಲಿ ಮಲ-ಮೂತ್ರ ಮಾಡುವಾಗ ನೋವು, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುವುದು ಇದ್ದರೆ ಮದುವೆ ಆದಮೇಲೆ ಸರಿಹೋಗುತ್ತದೆ ಅಂತ ಕಾಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗುವ ವಯಸ್ಸಿನ ಸುಮಾರು 10% ಮಹಿಳೆಯರಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿ ಜನರಿಗೆ, ಎಂಡೊಮೆಟ್ರಿಯೋಸಿಸ್ ಇದೆ. 2023ರಲ್ಲಿ 60,674 ರೋಗಿಗಳ ಮಾಹಿತಿ ಕೂಡಿಸಿ ಮಾಡಿದ ಅಧ್ಯಯನ ಈ ಕಾಯಿಲೆಗೆ ಸಂಬಂಧಿಸಿದ 42 ಜಾಗಗಳನ್ನು ಜೀನೋಮ್‌ನಲ್ಲಿ ಗುರುತಿಸಿತು. ಆ ರೋಗಿಗಳು ಯುರೋಪಿಯನ್ ಮತ್ತು ಪೂರ್ವ ಏಷ್ಯಾ ಮೂಲದವರು. ಭಾರತದವರ ಮಾಹಿತಿ ಕೂಡಿಸುವ ಕೆಲಸವನ್ನು ಮುಂಬೈನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಇಸಿಜಿಆರ್‌ಐ ಎಂಬ ಅಧ್ಯಯನದ ಮೂಲಕ ಕೈಗೆತ್ತಿಕೊಂಡಿದೆ. ಎಂಡೊಮೆಟ್ರಿಯೋಸಿಸ್ ಮೇಲೆಯೇ ಮನಸ್ಸಿದ್ದರೆ ಮೊದಲು ನೋಡಬೇಕಾದ ವಿಳಾಸ ಅದು.

ನ್ಯೂಯಾರ್ಕ್‌ನ ಫೈನ್‌ಸ್ಟೈನ್ ಸಂಸ್ಥೆಯವರು ಎಂಡೊಮೆಟ್ರಿಯೋಸಿಸ್ ಮೇಲಿನ ರೋಸ್ ಎಂಬ ಅಧ್ಯಯನದಲ್ಲಿ ಮುಟ್ಟಿನ ರಕ್ತವನ್ನೇ ಪರೀಕ್ಷೆಗೆ ತಗೊಳ್ಳುತ್ತಾರೆ. ಆಪರೇಷನ್ ಇಲ್ಲದೆ ಗರ್ಭಕೋಶದ ಒಳಪದರದ ಜೀವಕೋಶ ಸಿಗುತ್ತದೆ, ಬಹಳ ಜಾಣ ಉಪಾಯ. ಇಲ್ಲಿ ಅದನ್ನು ಮಾಡಲು ಹೊರಟರೆ, ರಕ್ತ ಹಿಡಿಯುವ ಮುಟ್ಟಿನ ಕಪ್ ಬಳಸುವವರು ಕಡಿಮೆ. ಲಗ್ನ ಆಗದ ಹುಡುಗಿಗೆ ಕಪ್ ಕೊಟ್ಟರೆ ಮನೆಯವರು ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಪ್ಯಾಡ್‌ನಿಂದ ಎಷ್ಟು ಹೊತ್ತಿನೊಳಗೆ, ಎಷ್ಟು ಮಾದರಿ ಹಾಳಾಗದೆ ತೆಗೆಯಬಹುದು ಅಂತ ನಮ್ಮ ಬಿಸಿಲಿನಲ್ಲಿ ಪರೀಕ್ಷಿಸುವುದು ಕೂಡ ಒಂದು ಗಟ್ಟಿ ಅಧ್ಯಾಯವೇ.

ಇದೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ಹಾವೇರಿ ಜಿಲ್ಲೆಯನ್ನು ತೋರಿಸಿ. ರಾಣೆಬೆನ್ನೂರು ಭಾಗದ ತಾಂಡಾಗಳ ಹೆಣ್ಣುಮಕ್ಕಳು ಹೊಟ್ಟೆನೋವು, ಬಿಳಿಸೆರಗು ಅಂತ ಹೋದರೆ ನಮ್ಮ ಗರ್ಭಕೋಶವನ್ನೇ ತೆಗೆದರು ಅಂತ ಬೀದಿಗಿಳಿದು ಪರಿಹಾರ ಕೇಳಿದ್ದು ಪತ್ರಿಕೆಗಳಲ್ಲಿ ಬಂದಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಯಾವ ನೋವಿಗೆ ಯಾವ ಚಿಕಿತ್ಸೆ ಅಂತ ವಿಂಗಡಿಸುವ ಸಾಧನ ಇಲ್ಲದ ಕಡೆ ಚಾಕು ಮುಂದೆ ಬರುತ್ತದೆ.

ಎಲ್ಲಿ ಮಾಡಬೇಕು? ನಿಮ್ಮ ಹಳೆಯ ವಿಶ್ವವಿದ್ಯಾಲಯದಲ್ಲೇ ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಸ್ಟಾಟಿಸ್ಟಿಕ್ಸ್ ಇವೆ. ರೋಗಿಗಳು ಇರುವುದು ಹುಬ್ಬಳ್ಳಿಯ ಕಿಮ್ಸ್‌ನಲ್ಲಿ, ಸತ್ತೂರಿನ ಎಸ್‌ಡಿಎಂನಲ್ಲಿ, ಗದಗ ಮತ್ತು ಹಾವೇರಿಯ ಸರಕಾರಿ ಮೆಡಿಕಲ್ ಕಾಲೇಜುಗಳಲ್ಲಿ. ಐಐಟಿ ಧಾರವಾಡದಲ್ಲಿ ಜೈವಿಕ ವಿಜ್ಞಾನ ಮತ್ತು ಬಯೋ ಎಂಜಿನಿಯರಿಂಗ್ ವಿಭಾಗ ಇದೆ. ಡೇಟಾ ಕೆಲಸಕ್ಕೆ ಟ್ರಿಪಲ್ ಐಟಿ ಇದೆ. ವಿದ್ಯಾನಗರದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಅಜವಾನ, ಶುಂಠಿಯಂಥ ಮನೆಮದ್ದಿನ ಮೇಲೆ ಆಸಕ್ತಿ ಇದ್ದರೆ ಬೆಳಗಾವಿಯ ಐಸಿಎಂಆರ್ ಪಾರಂಪರಿಕ ವೈದ್ಯಕೀಯ ಸಂಸ್ಥೆ ಹತ್ತಿರವೇ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ ಹತ್ತಿದರೆ ಕಿಮ್ಸ್, ಸತ್ತೂರು, ಧಾರವಾಡ ಎಲ್ಲ ಒಂದೇ ದಾರಿಯಲ್ಲಿ ಸಿಗುತ್ತವೆ. ಆದರೂ ಈ ಸಂಸ್ಥೆಗಳವರು ಒಬ್ಬರ ಜೊತೆ ಒಬ್ಬರು ಕೂತು ಮಾಡುವ ಕೆಲಸ ಕಡಿಮೆ. ಅವರನ್ನು ಕೂರಿಸುವವರು ನೀವೇ ಆಗಬೇಕಾಗುತ್ತದೆ. ಲ್ಯಾಬ್ ಕಡೆಯ ಗೈಡ್ ಒಬ್ಬರು, ಸ್ತ್ರೀರೋಗ ವಿಭಾಗದ ಕೋ-ಗೈಡ್ ಒಬ್ಬರು ಕಡ್ಡಾಯ ಅಂದುಕೊಳ್ಳಿ. ಸ್ತ್ರೀರೋಗ ತಜ್ಞರ ಹೆಸರು ಕಾಗದದಲ್ಲಿ ಇದ್ದರೆ ಸಾಲದು. ಅವರ ಓಪಿಡಿಯಲ್ಲಿ ನಿಮಗೊಂದು ಕುರ್ಚಿ ಸಿಗುತ್ತಾ ಅಂತ ಮೊದಲೇ ಕೇಳಿ.

ಗೈಡ್‌ಗೆ ಬರೆಯುವಾಗ "ನಾನು ಪ್ರಿಸಿಷನ್ ಮೆಡಿಸಿನ್‌ನಲ್ಲಿ ಆಸಕ್ತಳು" ಅಂತ ಬರೆದರೆ ಆ ಮೇಲ್ ಓದುವವರಿಲ್ಲ. ಮೆಫೆನಮಿಕ್ ಆಸಿಡ್‌ಗೂ ಸಿವೈಪಿ2ಸಿ9ಗೂ ಇರುವ ಸಂಬಂಧ ನಮ್ಮ ಜನರಲ್ಲಿ ನೋಡಬೇಕು, ನನಗೆ ಲ್ಯಾಬ್ ಅನುಭವ ಇಷ್ಟಿದೆ, ನಿಮ್ಮಲ್ಲಿ ಎಚ್‌ಪಿಎಲ್‌ಸಿ ಸಿಗುತ್ತಾ ಅಂತ ಐದು ಸಾಲು ಬರೆಯಿರಿ. ಉತ್ತರ ಬರುತ್ತದೆ.

ಔಷಧ ಕೊಡುವ ಅಧ್ಯಯನಕ್ಕೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು, ಮೊದಲ ರೋಗಿ ಸೇರುವ ಮುಂಚೆ ಸಿಟಿಆರ್‌ಐನಲ್ಲಿ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಆಗಬೇಕು. 18 ತುಂಬದ ಹುಡುಗಿಯರಿದ್ದರೆ ತಂದೆತಾಯಿ ಒಪ್ಪಿಗೆಯ ಜೊತೆಗೆ ಹುಡುಗಿಯ ಸಮ್ಮತಿಯೂ ಬೇಕು. ಹೊರದೇಶದ ಜೊತೆ ಸೇರಿ ಮಾಡುವ ಕೆಲಸವಾದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಮುಂದೆ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಮೊದಲ ಪಿಎಚ್‌ಡಿಗೆ ಅದು ಬೇಡ ಅಂತಲೇ ಹೇಳುತ್ತೇನೆ.

ಖರ್ಚಿನ ಮಾತು. ಸಿಎಸ್ಐಆರ್-ಯುಜಿಸಿ ನೆಟ್‌ನ ಲೈಫ್ ಸೈನ್ಸಸ್, ಐಸಿಎಂಆರ್ ಜೆಆರ್‌ಎಫ್, ಡಿಬಿಟಿಯ ಬೆಟ್, ಫೆಲೋಶಿಪ್ ಕೊಡುವ ಈ ಮೂರು ಪರೀಕ್ಷೆಗಳ ಓದು ಬಹುತೇಕ ಒಂದೇ. ಮೂರನ್ನೂ ಬರೆಯಿರಿ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ ₹37,000, ಆಮೇಲೆ ಎಸ್ಆರ್‌ಎಫ್ (ಹಿರಿಯ ಫೆಲೋಶಿಪ್) ಆದಾಗ ₹42,000. 2023ರ ಜನವರಿಯಿಂದ ಇದು ಜಾರಿಯಲ್ಲಿದೆ, ಮನೆಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್ ಸಿಗದಿದ್ದರೂ 2024ರಿಂದ ನೆಟ್ ಅಂಕಗಳ ಮೇಲೆಯೇ ಪಿಎಚ್‌ಡಿ ಪ್ರವೇಶ ಪಡೆಯುವ ದಾರಿ ಇದೆ. ಎಂ.ಎಸ್ಸಿ.ಯಲ್ಲಿ 55% ಬೇಕು, ಮೀಸಲಾತಿ ಇದ್ದವರಿಗೆ 5% ಸಡಿಲಿಕೆ. ಫೆಲೋಶಿಪ್ ಇಲ್ಲದೆ ಸೇರುವುದನ್ನು ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಪಿಎಚ್‌ಡಿ ಅರ್ಧಕ್ಕೆ ನಿಲ್ಲುವುದಕ್ಕೆ ದೊಡ್ಡ ಕಾರಣ ಕೈಯಲ್ಲಿ ಸ್ವಂತ ದುಡ್ಡಿಲ್ಲದಿರುವುದೇ. ಪ್ರತಿ ತಿಂಗಳು ಖಾತೆಗೆ ಹಣ ಬಂದರೆ ಮನೆಯವರ ಮಾತಿನ ಧಾಟಿಯೂ ಬದಲಾಗುತ್ತದೆ, ನೋಡಿ ಬೇಕಾದರೆ.

ವಿದೇಶ? ಆಕ್ಸ್‌ಫರ್ಡ್, ಎಡಿನ್‌ಬರೋ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯಗಳಲ್ಲಿ ಈ ನೋವಿನ ಮೇಲೆ, ಎಂಡೊಮೆಟ್ರಿಯೋಸಿಸ್ ಮೇಲೆ ದೊಡ್ಡ ಗುಂಪುಗಳಿವೆ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಇದೆ. ಪರಿಶಿಷ್ಟ ಜಾತಿ ಮೊದಲಾದ ಕೆಲವು ವರ್ಗದವರಿಗೆ ಕೇಂದ್ರ ಸರಕಾರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಇದೆ. ಬ್ರಿಟನ್ನಿನ ಜಾಹೀರಾತುಗಳಲ್ಲಿ "ಪೂರ್ತಿ ಹಣ" ಅಂತ ಇದ್ದರೂ ಎಷ್ಟೋ ಸಲ ಅದು ಅಲ್ಲಿನವರ ಫೀಸಿಗೆ ಮಾತ್ರ ಸಾಕಾಗುತ್ತದೆ. ಉಳಿದ ಫೀಸು ಯಾರು ಕಟ್ಟುತ್ತಾರೆ ಅಂತ ಕೇಳಿಯೇ ಅರ್ಜಿ ಹಾಕಿ. ನನ್ನ ಸಲಹೆ ಕೇಳಿದರೆ, ಪಿಎಚ್‌ಡಿ ಇಲ್ಲಿ, ಆಮೇಲಿನ ಸಂಶೋಧನೆ (ಪೋಸ್ಟ್‌ಡಾಕ್) ಅಲ್ಲಿ. ಸೋಸಿದ ರೋಗಿಗಳ ಮಾಹಿತಿ ಕೈಯಲ್ಲಿ ಹಿಡಿದು ಹೋದವರನ್ನು ಅವರು ಬೇರೆ ಥರ ಮಾತಾಡಿಸುತ್ತಾರೆ.

ಅವ್ವನ ಪ್ರಶ್ನೆಗೆ ಯುಜಿಸಿಯ 2022ರ ನಿಯಮವನ್ನೇ ತೋರಿಸಿ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆರಡು ಸಿಗುತ್ತದೆ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಇದೆ. ಮದುವೆ ಮಾತು ಮುಂದುವರಿದರೆ ಹುಡುಗನ ಮನೆಯವರಿಗೆ ಎರಡು ಸಂಗತಿ ಮೊದಲೇ ತಿಳಿಸಿ. ಒಂದು, ಆರು ತಿಂಗಳ ಟ್ರಯಲ್ ನಡೆಯುವಾಗ ನೀವು ಊರು ಬಿಡುವ ಹಾಗಿಲ್ಲ. ಎರಡು, ನಿಮ್ಮ ವಿಷಯ ಮುಟ್ಟು, ಮನೆಯಲ್ಲಿ ಆ ಮಾತು ದಿನಾ ಬರುತ್ತದೆ. ಮುಂದಿನ ನೆಟ್ ಅರ್ಜಿ ಕರೆದಾಗ ತಪ್ಪಿಸಬೇಡಿ. ಅಲ್ಲಿಯವರೆಗೆ ನಿಮ್ಮದೇ ನೋವಿನ ಡೈರಿಯನ್ನು ಗಂಟೆ, ಡೋಸ್ ಸಮೇತ ಬರೆದಿಟ್ಟುಕೊಳ್ಳಿ. ಡಾಕ್ಟರಿಗೂ ಬೇಕಾಗುತ್ತದೆ, ಡೈರಿಯ ಕಾಲಂಗಳು ಹೇಗಿರಬೇಕು ಅನ್ನುವುದೂ ನಿಮಗೆ ಗೊತ್ತಾಗುತ್ತದೆ.